ಕೌದಿಯ ತುತ್ತು

“ಧೂಳರ ಝಾಡಸ್ರಿ, ತೊಳದರ ತೊಳೀರಿ. ಮೂಲ್ಯಾಗಿನ ಅನ್ನಕ್ಕ ಮಾತ್ರ ಕೈ ಹಚ್ಚಬ್ಯಾಡ್ರಿ ಅಕ್ಕಾರ,” ಎಂದಳು ಸಾವಕ್ಕ.

ಆ ಹಳೆಯ ಕೌದಿಯನ್ನು ಅಮ್ಮಿನಬಾವಿಯಿಂದ ಧಾರವಾಡದ ವಸ್ತುಸಂಗ್ರಹಾಲಯಕ್ಕೆ ಹೊತ್ತು ತಂದ ಮುದುಕಿ ಅವಳು. ಕೌದಿ ಹೊಲಿದವರು ಕಡೆಯ ಮೂಲೆಯಲ್ಲಿ ಒಂದು ತುತ್ತು ಇಟ್ಟೇ ಹೊಲಿಗೆ ಮುಗಿಸುತ್ತಾರೆ. ಕೌದಿಯ ಹೊಟ್ಟೆ ಖಾಲಿ ಇರಬಾರದಲ್ಲ. ಆದರೆ ಇದಕ್ಕೆ ಯಾರೋ ಸವತಿ ಮಾಟ ಮಾಡಿಸಿದ್ದಳಂತೆ. ಮೂರು ಕೂಸು ಇದರಡಿ ಮಲಗಿದವು, ಏಳಲಿಲ್ಲ. ಮಂತ್ರಿಸಿದ ಅನ್ನ ತುಂಬಿ, ಹುಣಸೆಬೀಜದ ಅಂಟು ಬಳಿದು ಬಾಯಿ ಕಟ್ಟಿದ ಮೇಲೇ ಅದು ಸುಮ್ಮನಾದದ್ದು.

ಜಯಮಾಲಾ ನಕ್ಕಳು. ಉಣಕಲ್ಲಿನ ಹೆಣ್ಣುಮಗಳು, ಹಳೆಯ ಬಟ್ಟೆ ಉಳಿಸುವ ವಿದ್ಯೆ ಪುಣೆಯಲ್ಲಿ ಕಲಿತು, ವಾರದ ಹಿಂದಷ್ಟೇ ಕೆಲಸಕ್ಕೆ ಸೇರಿದ್ದಳು. “ಅನ್ನಕ್ಕ ಹುಳ ಬರ್ತಾವ ಆಯಿ, ದೆವ್ವ ಅಲ್ಲ.” ಕಲಿತವರಿಗೆ ನಗುವುದು ಎಷ್ಟು ಸಲೀಸು ನೋಡಿ!

ಬೆಳಕಿಗೆ ಬಣ್ಣ ಹಾಳಾಗುತ್ತದೆಂದು ಕಿಟಕಿಗೆಲ್ಲ ಕರಿ ಪರದೆ. ಮಟಮಟ ಮಧ್ಯಾಹ್ನವೂ ಕತ್ತಲೆ. ಸಾಲಿ ರಜೆಯೆಂದು ಕರೆತಂದಿದ್ದ ನಾಲ್ಕು ವರ್ಷದ ಮಗಳು ಸೃಷ್ಟಿ ಚಾಪೆಯ ಮೇಲೆ ಮಲಗಿದ್ದಳು. ನೆಲಕ್ಕೆ ಹಾಸಿದ ಕೌದಿಯ ಆ ಮೂಲೆಗೆ ಜಯಮಾಲಾ ಒದ್ದೆ ಅರಳೆ ಒತ್ತಿದಳು. ಕಂದುಗಟ್ಟಿದ ಅಂಟು ಮೆತ್ತಗಾಗಿ ಬಿಟ್ಟಿತು. ಒಳಗಿನ ಕರಿ ಅನ್ನವನ್ನು ಚಿಮಟದಿಂದ ಕೆರೆದು ಕಸದ ಡಬ್ಬಿಗೆ ಹಾಕಿದಳು.

ಬಿಸಿ ಅನ್ನದ ವಾಸನೆ ಬಂತು. ಅದರ ಹಿಂದೆಯೇ ಹುಳಿತ ಹಾಲಿನದು. ತನಗೇ ಹಸಿವಾಗಿರಬೇಕೆಂದು ಪಕ್ಕದ ಕೋಣೆಯಿಂದ ಬುತ್ತಿ ತಂದಳು. ಚಾಪೆ ಖಾಲಿ. ಕೌದಿ ನಡುವೆ ಉಬ್ಬಿತ್ತು.

“ಅವ್ವಾ, ಚಳಿ ಅಂತ ಹೊಚ್ಕೊಂಡೆ. ಇದು ಬಿಡವಲ್ದು.”

ಎಳೆದಳು. ಕೆನ್ನೆಯ ತೊಗಲೂ ಜತೆಗೆ ಎದ್ದು ಬಂತು. ಕೂಸು ಚೀರಿತು. ನೀರು ಸುರಿದಳು. ಸ್ಪಿರಿಟ್ ಒರೆಸಿದಳು. ಹತ್ತು ವರ್ಷ ಕಲಿತದ್ದು ಒಂದೂ ಕೆಲಸಕ್ಕೆ ಬರಲಿಲ್ಲ. ಬಟ್ಟೆ ಬಾಯಿ ಮುಚ್ಚಿತು. ಮೂಗಿನತ್ತ ಸರಿಯಿತು.

“ಆಯೀ! ನನ್ನ ಕೂಸು ಸಾಯಾಕತ್ತೇತಿ! ಏನರ ಮಾಡ್ರಿ!”

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಪಡಸಾಲೆಯಿಂದ ಸಾವಕ್ಕ ಓಡಿಬಂದಳು. “ತುತ್ತು ಕೊಡ್ರಿ! ಲಗೂ!”

ಜಯಮಾಲಾ ಬುತ್ತಿಯ ಅನ್ನವನ್ನು ಮೂಲೆಗೆ ತುರುಕಿದಳು. ಕೌದಿ ಉಗುಳಿತು. ಮತ್ತೆ ತುರುಕಿದಳು. ಮತ್ತೆ ಉಗುಳಿತು.

“ರುಚಿ ಹತ್ತೇತಿ ಅದಕ್ಕ,” ಎಂದಳು ಸಾವಕ್ಕ. “ಇನ್ನ ಅನ್ನ ಒಲ್ಲದು.”

ಸೃಷ್ಟಿಯ ಕಾಲು ಒದೆಯುವುದು ನಿಂತಿತು. ಜಯಮಾಲಾ ತನ್ನ ಬಲಗೈಯನ್ನೇ ಮೂಲೆಯೊಳಗೆ ತೂರಿಸಿದಳು. ಒಳಗೆ ಬಿಸಿ ಇತ್ತು. ಒದ್ದೆ ಇತ್ತು. ಹಲ್ಲು ಇತ್ತು.

ಕೂಸು ಉಸಿರೆಳೆದು ಅತ್ತಿತು.

ಆಮೇಲೆ ಆ ಮೂಲೆಗೆ ಮತ್ತೆ ಅಂಟು ಕುದಿಸಿ ಬಳಿದವಳು ಸಾವಕ್ಕನೇ. ಸೃಷ್ಟಿಯ ಕೆನ್ನೆಯ ಗಾಯವೂ ಮಾಯಿತು. ಉಣ್ಣಲು ಕೂತರೆ ಮಾತ್ರ ಅವ್ವನ ಎಡಗೈಯ ತುತ್ತಿಗೆ ಮುಖ ತಿರುಗಿಸುತ್ತಾಳೆ.

“ಆ ಕೈಲೇ ಉಣಸವ್ವಾ,” ಅಂತಾಳೆ.

ಜಯಮಾಲಾ ಮೊಂಡು ಮಣಿಕಟ್ಟನ್ನು ಸೆರಗಿನಲ್ಲಿ ಮುಚ್ಚಿಕೊಳ್ಳುತ್ತಾಳೆ. ಆ ಕೈಯನ್ನು ಕೌದಿ ಉಂಡಾಯಿತೆಂದು ಕೂಸಿಗೆ ಹೇಗೆ ಹೇಳಬೇಕು?