ಅಂಗೈಯಗಲದ ಗೋಡೆ

ಬಹಳ ಹಿಂದೆ, ಕಡಲಿನ ಉಪ್ಪುಗಾಳಿ ಬೆಟ್ಟದ ತುದಿಯವರೆಗೂ ಬೀಸುತ್ತಿದ್ದ ಕಾಲದಲ್ಲಿ, ಮಣಿಗಿರಿ ಎಂಬ ರಾಜ್ಯವಿತ್ತು. ಅಲ್ಲಿನ ರಾಜ ಅಭಿಚಂದ್ರ ಒಳ್ಳೆಯವನೇ. ಆದರೆ ಅವನ ಆಸ್ಥಾನಕ್ಕೆ ಬೂದಿಗಣ್ಣನೆಂಬ ಮಾಂತ್ರಿಕ ಬಂದು ಸೇರಿಕೊಂಡ. ಅವನ ಕಣ್ಣುಗುಡ್ಡೆಗಳು ಬೂದಿಯವು. ಆ ಕಣ್ಣುಗಳನ್ನು ದಿಟ್ಟಿಸಿದವರ ಕಣ್ಣಿಗೂ ಬೂದಿ ಇಳಿಯುತ್ತಿತ್ತು. ಅಂದಿನಿಂದ ಅವರಿಗೆ ಎದುರಿಗಿದ್ದವರೆಲ್ಲ ಕೊಲೆಗಾರರಂತೆ ಕಾಣುತ್ತಿದ್ದರು.

ರಾಜ ಆ ಕಣ್ಣುಗಳನ್ನು ದಿಟ್ಟಿಸಿದ. ಮರುದಿನವೇ ಡಂಗುರ ಸಾರಿಸಿದ: ಪ್ರತಿ ಮನೆಗೂ ಕಲ್ಲಿನ ಸೂರು ಇರಬೇಕು, ಬಾಗಿಲಿಗೆ ಬೀಗ ಬೀಳಬೇಕು, ಒಬ್ಬರ ಮನೆಯಲ್ಲಿ ಇನ್ನೊಬ್ಬರು ಉಣ್ಣಕೂಡದು. ಕ್ರಮೇಣ ಅನುಮಾನ ಊರಿಗೆಲ್ಲ ಹಬ್ಬಿತು. ಹೆಂಡತಿ ಬಡಿಸಿದ ತಟ್ಟೆಯನ್ನು ಗಂಡ ಮೂಸಿ ನೋಡುತ್ತಿದ್ದ. ತೊಟ್ಟಿಲ ಮಗು ನಕ್ಕರೆ ತಾಯಿ, "ಯಾಕೆ ನಗ್ತಿದೆ ಇದು?" ಎಂದು ಹುಬ್ಬು ಗಂಟಿಕ್ಕುತ್ತಿದ್ದಳು.

ಆ ಊರಿನಲ್ಲಿ ಗಾಣ ನಡೆಸುವ ಯೆಹೂದಿ ಮನೆಯೊಂದಿತ್ತು. ತಾಯಿ ಮಲ್ಕಾ, ಮಗಳು ಸಿಪೋರಾ. ಸುಗ್ಗಿ ಮುಗಿದೊಡನೆ ಅವರಿಗೆ ಸುಕ್ಕೋತ್ ಹಬ್ಬ. ಏಳು ದಿನ ಮನೆಯೊಳಗೆ ಉಣ್ಣದೆ ಅಂಗಳದ ಗುಡಿಸಿಲಿನಲ್ಲಿ ಉಣ್ಣಬೇಕು, ಸಂತೋಷವಾಗಿರಬೇಕು. ಸೂರಿಗೆ ಕಡಿದ ಸೊಪ್ಪು. ಅದರ ಸಂದಿನಿಂದ ನಕ್ಷತ್ರ ಕಾಣಬೇಕು. ಎರಡು ಪೂರ್ತಿ ಗೋಡೆಗಳಿದ್ದು, ಮೂರನೆಯದು ಅಂಗೈಯಗಲವಿದ್ದರೂ ನಡೆಯುತ್ತದೆ. ಪ್ರತಿ ಸಂಜೆ ಒಂದು ಪೀಠ ಖಾಲಿ ಬಿಟ್ಟು, ಎಂದೋ ಬಾಳಿದ ಹಿರಿಯರೊಬ್ಬರ ಹೆಸರು ಹಿಡಿದು ಊಟಕ್ಕೆ ಕರೆಯಬೇಕು.

"ಸೂರಿನಲ್ಲಿ ಸಂದು, ಅರ್ಧ ಗೋಡೆ, ಕಾಣದವರ ಜೊತೆ ಮಾತು!" ಎಂದು ಬೂದಿಗಣ್ಣ ರಾಜನ ಕಿವಿ ಕಚ್ಚಿದ. "ಶತ್ರುಗಳಿಗೆ ಸನ್ನೆ, ಮಹಾಪ್ರಭು."

ಭಟರು ಬಂದು ಮಲ್ಕಾಳ ಕೈಗೆ ಕೋಳ ಹಾಕಿದರು. ಗುಡಿಸಿಲಿನ ಅರ್ಥವೇನೆಂದು ಹಬ್ಬ ಮುಗಿಯುವುದರೊಳಗೆ ರಾಜನಿಗೆ ಮನವರಿಕೆಯಾಗದಿದ್ದರೆ ಮಾಂತ್ರಿಕ ಅವಳನ್ನು ಕಲ್ಲು ಮಾಡುತ್ತಾನೆ ಎಂದು ಸಾರಿದರು.

"ಗುಡಿಸಿಲು ಬಿಚ್ಚಬೇಡ ಕಣೇ," ಎಂದು ಮಲ್ಕಾ ಬೀದಿಯಿಂದಲೇ ಕೂಗಿದಳು. "ಬಂದವರನ್ನು ಹಸಿದ ಹೊಟ್ಟೆಯಲ್ಲಿ ಕಳಿಸಬೇಡ!"

ಮೊದಲ ಸಂಜೆ ಸಿಪೋರಾ ಅಬ್ರಹಾಮನನ್ನು ಕರೆದಳು. ಬಂದದ್ದು ತೋಳ.

"ನಾನು ಕರೆದದ್ದು ನಿನ್ನನ್ನಲ್ಲ."

"ಪೀಠ ಖಾಲಿ ಇತ್ತು," ಎಂದಿತು ತೋಳ.

"ನೀನು ನನ್ನನ್ನು ತಿಂದರೆ?"

"ನೀನು ನನಗೆ ವಿಷ ಹಾಕಿದರೆ?"

ಇಬ್ಬರೂ ರೆಪ್ಪೆ ಬಡಿಯದೆ ಕೂತರು. ಕೊನೆಗೆ ಸಿಪೋರಾ ರೊಟ್ಟಿ ಮುರಿದು ತಾನೊಂದು ಚೂರು ತಿಂದು, ಉಳಿದದ್ದನ್ನು ಅದರ ಕಡೆ ತಳ್ಳಿದಳು. ತೋಳ ತಿಂದು, ಒಂದು ಕಣ್ಣು ತೆರೆದುಕೊಂಡೇ ಅಲ್ಲಿಯೇ ಮಲಗಿತು.

ಎರಡನೆಯ ಸಂಜೆ ಐಸಾಕನನ್ನು ಕರೆದಳು. ರಣಹದ್ದೊಂದು ಸೂರಿನ ಮೇಲಿಳಿದು, "ಇದರೊಳಗೆ ಏನು ಬಚ್ಚಿಟ್ಟಿದ್ದೀಯ?" ಎನ್ನುತ್ತ ಸೊಪ್ಪನ್ನೆಲ್ಲ ಕೆದಕಿತು. ಏನೂ ಸಿಗಲಿಲ್ಲ.

"ಸುಸ್ತಾಯ್ತೇನೋ ಪತ್ತೇದಾರ ಮಾವ? ಬಾ, ಖರ್ಜೂರ ತಿನ್ನು. ಆಮೇಲೆ ಆ ಸೊಪ್ಪು ಸರಿಮಾಡಿ ಹೋಗು," ಎಂದಳು ಸಿಪೋರಾ. ಹದ್ದು ನಾಚಿಕೊಂಡು ಎರಡನ್ನೂ ಮಾಡಿತು. ಆದರೆ ಹೋಗಲಿಲ್ಲ.

ನಡುವಿನ ಸಂಜೆಗಳಲ್ಲಿ ಯಾರೂ ಬರಲಿಲ್ಲ. ಕಡೆಯ ಸಂಜೆ ಅವರಲ್ಲಿ ವೀಣೆ ನುಡಿಸುತ್ತಿದ್ದ ದಾವೀದ ರಾಜನನ್ನು ಕರೆಯುವ ವಾಡಿಕೆ. ಸಿಪೋರಾ ಕಣ್ಣೊರೆಸಿಕೊಂಡು, "ಮಹಾರಾಜರೇ, ಒಳಗೆ ಬನ್ನಿ," ಎಂದಳು.

ಕಂಬಳಿ ಹೊದ್ದವನೊಬ್ಬ ಕತ್ತಿಯ ಹಿಡಿ ಮುಟ್ಟಿಕೊಂಡು ಒಳಗೆ ಬಂದ. "ನಾನು ರಾಜನೆಂದು ಯಾರು ಹೇಳಿದರು ನಿನಗೆ?"

ಸಿಪೋರಾ ಬೆರಗಾದಳು. ಹಿರಿಯರು ನಿಜವಾಗಿಯೂ ಬಂದುಬಿಟ್ಟರೇ! "ಕೂತ್ಕೊಳ್ಳಿ ತಾತಾ. ನಿಮ್ಮ ವೀಣೆ ತರಲಿಲ್ಲವೇ? ಇಲ್ಲಿಯೂ ಒಬ್ಬ ರಾಜ ಇದ್ದಾನೆ, ಮಹಾ ಪುಕ್ಕಲ. ತನ್ನ ನೆರಳಿಗೂ ಪಹರೆ ಹಾಕಿಸಿದ್ದಾನಂತೆ. ನನ್ನ ಅಮ್ಮನನ್ನು ಕಲ್ಲು ಮಾಡಿಸುತ್ತಾನಂತೆ."

ಸನ್ನೆ ಪತ್ತೆಮಾಡಲು ಮಾರುವೇಷದಲ್ಲಿ ಬಂದಿದ್ದ ಅಭಿಚಂದ್ರನ ಮುಖ ಕೆಂಪಾಯಿತು. "ಈ ಗೋಡೆ ಯಾಕೆ ಅರ್ಧ? ಓಡಿಹೋಗುವುದಕ್ಕೋ?"

"ನಿಮಗೇ ಗೊತ್ತಿಲ್ಲವೇ?" ಸಿಪೋರಾ ಅವನ ಬೆನ್ನ ಹಿಂದೆ ತನ್ನ ತೋಳು ಚಾಚಿ ಬಳಸಿದಳು. "ಭುಜದಿಂದ ಮೊಣಕೈವರೆಗೆ ಒಂದು ಗೋಡೆ. ಅಲ್ಲಿಂದ ಮಣಿಕಟ್ಟಿನವರೆಗೆ ಇನ್ನೊಂದು. ಮೂರನೆಯದು ಅಂಗೈ. ಇದು ಅಪ್ಪುಗೆ, ತಾತಾ. ದಾಸ್ಯ ಬಿಟ್ಟು ಮರಳುಗಾಡು ದಾಟುವಾಗ ನಮ್ಮವರಿಗೆ ಮೋಡವೇ ಸೂರಾಗಿತ್ತಂತೆ. ಅವರನ್ನು ಕಾಪಾಡಿದ ದೇವರ ತೋಳಿನೊಳಗೆ ಏಳು ದಿನ ಕೂರುತ್ತೇವೆ."

"ಬೀಗವಿಲ್ಲದೆ ಹೆದರಿಕೆಯಾಗುವುದಿಲ್ಲವೇ?"

"ಆಗುತ್ತದೆ. ನೀವು ಕತ್ತಿ ಹಿಡಿದು ಬಂದಾಗಲೂ ಆಯಿತು. ಆದರೂ ಸಾರು ಬಡಿಸುತ್ತೇನೆ."

ರಾಜ ತಲೆಯೆತ್ತಿದ. ಕಲ್ಲಿನ ಸೂರು ಬಂದಂದಿನಿಂದ ಅವನು ನಕ್ಷತ್ರ ಕಂಡಿರಲಿಲ್ಲ. ಸೊಪ್ಪಿನ ಸಂದಿನಲ್ಲಿ ಒಂದು ಮಿನುಗಿತು. ಅವನ ಕಣ್ಣಿನಿಂದ ಬೂದಿ ಕರಗಿ ಕೆನ್ನೆಯ ಮೇಲೆ ಕಪ್ಪಗೆ ಇಳಿಯಿತು.

ಅಷ್ಟರಲ್ಲಿ ಬೂದಿಗಣ್ಣ ಓಡಿ ಬಂದ. "ಉಣ್ಣಬೇಡಿ ಪ್ರಭು, ವಿಷ!"

ಆಗ ಸಿಪೋರಾಳಿಗೆ ಅತಿಥಿ ಯಾರೆಂದು ತಿಳಿಯಿತು. ಆದರೂ ಬಟ್ಟಲು ಕೆಳಗಿಡಲಿಲ್ಲ.

"ಅವನಿಗೂ ಬಡಿಸಮ್ಮ," ಎಂದ ರಾಜ.

ಮಾಂತ್ರಿಕ ವಿಷ ಹುಡುಕಲು ಸಾರಿನ ಬಟ್ಟಲಿಗೆ ಬಗ್ಗಿದ. ಸಾರಿನಲ್ಲಿ ಅವನದೇ ಬೂದಿಯ ಕಣ್ಣುಗಳು ಅವನನ್ನು ದಿಟ್ಟಿಸಿದವು. ಒಡನೆಯೇ ಅವನಿಗೆ ತನ್ನ ಮೇಲೆಯೇ ಅನುಮಾನ ಹುಟ್ಟಿತು. ಎಡಗೈ ಬಲಗೈಯನ್ನು ಬಿಗಿಯಾಗಿ ಹಿಡಿಯಿತು. "ಬಿಡು ಕೊಲೆಗಾರ!" ಎಂದು ಕಿರುಚುತ್ತ ಅವನು ತನ್ನಿಂದಲೇ ತಪ್ಪಿಸಿಕೊಳ್ಳಲು ಓಡಿದ. ಓಡುತ್ತ ಓಡುತ್ತ ಬೂದಿಯಾಗಿ ಗಾಳಿಯಲ್ಲಿ ತೂರಿಹೋದ.

ಮೂಲೆಯಲ್ಲಿ ಮಲಗಿದ್ದ ತೋಳ ಸೇನಾಪತಿಯಾಗಿ ಎದ್ದು ನಿಂತಿತು, ಹದ್ದು ಮಂತ್ರಿಯಾಯಿತು. ಬೂದಿಗಣ್ಣ ಹಿಂದೆ ಶಪಿಸಿದ್ದವರೇ ಅವರು. ರಾಜ ತಾನೇ ಹೋಗಿ ಮಲ್ಕಾಳ ಕೋಳ ಬಿಚ್ಚಿ ಕರೆತಂದ. ಅವಳು ಮಗಳನ್ನು ಅಪ್ಪಿಕೊಂಡು ಅತ್ತು, ಸಾರಿನ ರುಚಿ ನೋಡಿ, "ಇಷ್ಟು ಉಪ್ಪು ಹಾಕಿ ರಾಜರಿಗೆ ಬಡಿಸಿದೆಯಾ?" ಎಂದು ಗದರಿದಳು.

ರಾಜ ಎರಡನೆಯ ಸಲ ಬಡಿಸಿಕೊಂಡ. ಆಮೇಲೆ ಮಣಿಗಿರಿಯವರೆಲ್ಲ ಒಬ್ಬರ ಮನೆಯಲ್ಲಿ ಒಬ್ಬರು ಉಂಡು, ಜಗಳವಾಡಿ, ಮತ್ತೆ ಕರೆದುಕೊಂಡು ಬಂದು ಉಣ್ಣಿಸಿ, ಬಹುಕಾಲ ಸುಖವಾಗಿ ಬಾಳಿದರು.