ಶುಭ ಶುಕ್ರವಾರ ಕಳಚಿದ ಹನ್ನೆರಡು ಬೋಲ್ಟು

ಮೇ ಹದಿನಾಲ್ಕು, ಬುಧವಾರ. ಬೆಳಿಗ್ಗೆ ಎಂಟು ಇಪ್ಪತ್ತಕ್ಕೆ ಡೆಸ್ಮಂಡ್ ಹಿಂಡ್ಸ್ ಎಂಬವನು ಕೆರಿಬಿಯನ್ ಸಮುದ್ರದ ಕ್ಯಾರಿಯಾಕೂ ದ್ವೀಪದ ಗ್ರಾಂಡ್ ಕೇ ಠಾಣೆಗೆ ಬಂದು ಕಳವಿನ ದೂರು ಕೊಟ್ಟ. ಬಾರ್ಬಡೋಸಿನವನು, ಚಂಡಮಾರುತಕ್ಕೂ ಅಲುಗದ ಸಿದ್ಧ ಮನೆಗಳನ್ನು ಮಾರುವ ಕಂಪನಿಯ ಪ್ರತಿನಿಧಿ. ಜೆಟ್ಟಿಯ ಪಕ್ಕದ ಬಯಲಿನಲ್ಲಿ ಕಂಪನಿ ನಿಲ್ಲಿಸಿದ್ದ ಮಾದರಿ ಮನೆಯ ಹನ್ನೆರಡು ಬೋಲ್ಟುಗಳು ಕಾಣೆಯಾಗಿದ್ದವು; ಆ ಬೆಳಿಗ್ಗೆ ಮನೆಯ ಬುಡ ಪರೀಕ್ಷಿಸಿದಾಗಲೇ ಅವನಿಗೆ ಗೊತ್ತಾದದ್ದು. ಮನೆಯನ್ನು ಅಡಿಪಾಯಕ್ಕೆ ಬಿಗಿದು ಹಿಡಿಯುವ, ಗೇಣುದ್ದದ ಬೋಲ್ಟುಗಳು. ಶನಿವಾರ ನಲವತ್ತು ಕುಟುಂಬಗಳು ಆ ಮನೆಯ ಎದುರಿನಲ್ಲೇ ಖರೀದಿ ಪತ್ರಕ್ಕೆ ಸಹಿ ಹಾಕುವುದಿತ್ತು. ಕಳೆದ ಜುಲೈನ ಗಾಳಿಗೆ ಸೂರು ಕಳೆದುಕೊಂಡು ಹತ್ತು ತಿಂಗಳು ಟಾರ್ಪಾಲಿನ ಕೆಳಗೆ ಬದುಕಿದವರು ಅವರು. ಜೂನ್ ಒಂದಕ್ಕೆ ಮತ್ತೆ ಗಾಳಿಗಾಲ.

ಇನ್ಸ್‌ಪೆಕ್ಟರ್ ಫಿಟ್ಜ್‌ರಾಯ್ ಕ್ವಾಶಿ ಹೇಳುತ್ತಾ ಹೋದರು, ಕಾನ್‌ಸ್ಟೇಬಲ್ ಶೆಲ್ಲಾನ್ ನೋಯೆಲ್ ಎಫ್‌ಐಆರ್ ಬರೆದಳು. ಮಾಲಿನ ಗುರುತೇನೆಂದು ಕೇಳಿದಾಗ ಹಿಂಡ್ಸ್ ಚೀಲದಿಂದ ಕಾಗದ ತೆಗೆದ. ಪ್ರತಿ ಬೋಲ್ಟಿನ ತಲೆಯ ಮೇಲೂ ಕಂಪನಿಯ ಮುದ್ರೆ ಮತ್ತು ನಂಬರು ಇದ್ದವು. ಹನ್ನೆರಡನ್ನೂ ಓದಿ ಬರೆಸಿದ. ದಪ್ಪ ಸತುವಿನ ಲೇಪ, ಐವತ್ತು ವರ್ಷ ತುಕ್ಕು ಹಿಡಿಯದೆಂಬ ಖಾತರಿ, ಅದನ್ನೂ ಸೇರಿಸಿ ಎಂದ. ನೋಯೆಲ್ ಸೇರಿಸಿದಳು. ಅವನು ಸಹಿ ಹಾಕಿದ.

ಒಂಬತ್ತೂ ಮುಕ್ಕಾಲಿಗೆ ಸ್ಥಳ ಪರಿಶೀಲನೆ. ಮನೆಯ ಬುಡವನ್ನು ಸುತ್ತಲೂ ಹಲಗೆ ಹೊಡೆದು ಮುಚ್ಚಿದ್ದರು. ಹಲಗೆ ಬಿಚ್ಚಿದರೆ ಒಳಗಿನ ದಿಮ್ಮಿಯಲ್ಲಿ ಹನ್ನೆರಡು ತೂತು ಇರಬೇಕಿತ್ತು. ಒಂದೂ ತೆರೆದಿರಲಿಲ್ಲ. ಪ್ರತಿಯೊಂದಕ್ಕೂ ಮರದ ಬೆಣೆ ಬಡಿದು, ಸುತ್ತ ಹತ್ತಿಯ ನೂಲು ತುರುಕಿ, ಮೇಲೆ ಮೇಣ ಮೆತ್ತಿ ಹೆಬ್ಬೆರಳಿನಲ್ಲಿ ನೀವಲಾಗಿತ್ತು.

"ಒಳ್ಳೆ ಕಳ್ಳರು ಇನ್ಸ್‌ಪೆಕ್ಟರೇ ನಿಮ್ಮೂರಿನೋರು. ಕದ್ದು, ರಿಪೇರಿನೂ ಮಾಡಿ ಹೋಗ್ತಾರೆ" ಎಂದ ಹಿಂಡ್ಸ್.

ಹಲಗೆಯ ಹಿಂದಿನ ತೂತು ಯಾರಿಗೂ ಕಾಣುವುದಿಲ್ಲ. ಮುಚ್ಚಿದ್ದೇಕೆ ಎಂದು ಕ್ವಾಶಿ ಯೋಚಿಸುತ್ತ ನಿಂತರು. ನೋಯೆಲ್ ದೋಣಿ ಕಟ್ಟುವವರ ಮೊಮ್ಮಗಳು. ಅವಳು ಬೆಣೆಯನ್ನು ಮುಟ್ಟಿ ನೋಡಿದಳು.

"ಕಾಣಬಾರದು ಅಂತ ಅಲ್ಲ ಸರ್. ಮರದಲ್ಲಿ ತೂತು ತೆಗೆದು ಹಂಗೇ ಬಿಟ್ಟು ಬಂದ್ರೆ ನಮ್ಮಜ್ಜ ಊಟಕ್ಕೇ ಕೂರಿಸ್ತಿರಲಿಲ್ಲ. ಇದು ದೋಣಿಯೋರ ಕೈ."

ದೋಣಿ ಕಟ್ಟುವ ಮನೆತನಗಳು ಊರಿನಲ್ಲಿ ಆರು. ಅವರನ್ನು ವಿಚಾರಿಸುವ ಮೊದಲು ಕ್ವಾಶಿ ಮಾದರಿ ಮನೆಯ ಕಾವಲುಗಾರ ಎಲ್ವಿನ್‌ನನ್ನು ಕರೆಸಿದರು.

"ಜಾಗ ಬಿಟ್ಟು ಯಾವಾಗ ಹೋಗಿದ್ದೆ?"

"ಹೋಗಿಲ್ಲ ಸರ್."

"ಯಾವತ್ತೂ?"

"ಶುಭ ಶುಕ್ರವಾರ ಮಾತ್ರ. ಹನ್ನೆರಡರಿಂದ ಮೂರು. ಅವತ್ತೂ ಚರ್ಚಿಗೆ ಹೋಗದೆ ಇರೋಕೆ ನಾನೇನು ನಾಯಿನಾ?"

ಅದು ಏಪ್ರಿಲ್ ಹದಿನೆಂಟು. ಇಲ್ಲಿಗೆ ತನಿಖೆ ಮುಗ್ಗರಿಸಿತು. ಪ್ರಭುವಿನ ಕೈಗೆ ಮೊಳೆ ಹೊಡೆದ ದಿನವೆಂದು ಗ್ರಾಂಡ್ ಕೇಯಲ್ಲಿ ಅಂದು ಯಾರೂ ಕಬ್ಬಿಣ ಮುಟ್ಟುವುದಿಲ್ಲ. ದೋಣಿಯವರಂತೂ ಸುತ್ತಿಗೆಯನ್ನು ಬಟ್ಟೆಯಲ್ಲಿ ಸುತ್ತಿ ಎತ್ತಿಡುತ್ತಾರೆ. ಆರು ಮನೆಯವರೂ ಚರ್ಚಿನಲ್ಲಿರಬೇಕು. ಹಾಗಾದರೆ ಯಾರು ಬಂದಿರಲಿಲ್ಲ ಎಂದು ಕ್ವಾಶಿ ಚರ್ಚಿನ ಮೇಲ್ವಿಚಾರಕ ಆಗಸ್ಟಸ್ ಎನೋ ಅವರನ್ನು ಕೇಳಿದರು. ಮುಂದಿನಿಂದ ಎರಡನೆಯ ಬೆಂಚಿನ ತುದಿ ಖಾಲಿಯಿತ್ತು, ಅಡಿನಾ ಮ್ಯಾಕ್‌ಲಾರೆನ್ ಕೂರುವ ಜಾಗ, ನಲವತ್ತು ವರ್ಷದಲ್ಲಿ ಮೊದಲ ಸಲ, ಎಂದರು. ಮಗಳನ್ನು ಕಳೆದುಕೊಂಡವರು, ದೇವರ ಮೇಲೆ ಮುನಿಸಿರಬಹುದು, ಕೇಳುವುದು ಸರಿಯಲ್ಲವೆಂದು ಸುಮ್ಮನಾದೆ ಎಂದರು.

ಕ್ವಾಶಿಯವರಿಗೆ ಮುಂದೆ ಏನನ್ನೂ ಕೇಳಬೇಕಾಗಲಿಲ್ಲ. ಅಡಿನಾ ದೋಣಿಯ ಮೇಸ್ತ್ರಿಯ ವಿಧವೆ. ಅವರ ಮಗಳು ಜಾಯ್ಸಲಿನ್ ನಾಲ್ಕು ವರ್ಷದ ಹಿಂದೆ ಇದೇ ಕಂಪನಿಯಿಂದ, ಊರಿಗೇ ಮೊದಲನೆಯವಳಾಗಿ, ಮನೆ ಕೊಂಡಿದ್ದಳು. ಗಾಳಿ ಆ ಮನೆಯನ್ನು ಅಡಿಪಾಯದಿಂದ ಕಿತ್ತು ಹಳ್ಳಕ್ಕೆ ಎಸೆಯಿತು; ಅವಳು ಒಳಗಿದ್ದಳು. ಆಗಸ್ಟಿನಲ್ಲಿ ಅಡಿನಾ ತುಂಡಾದ ಎರಡು ಬೋಲ್ಟುಗಳನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು ಠಾಣೆಗೆ ಬಂದರು. ಪ್ರಕೃತಿ ವಿಕೋಪದಲ್ಲಿ ಅಪರಾಧವಿಲ್ಲ ಎಂದು ಕ್ವಾಶಿ ತಿರುಗಿ ಕಳಿಸಿದರು. ತುಕ್ಕು ಹಿಡಿದ ಕಬ್ಬಿಣ ಎಲ್ಲಿ ಬೇಕಾದರೂ ಸಿಗುತ್ತದೆ, ಇವು ನಮ್ಮವಲ್ಲ ಎಂದು ಕಂಪನಿ ಉತ್ತರ ಬರೆಯಿತು.

ಮಧ್ಯಾಹ್ನ ಎರಡು ಹತ್ತಕ್ಕೆ ಪೊಲೀಸರು ಅವರ ಅಂಗಳ ತಲುಪಿದರು. ಎಪ್ಪತ್ತೊಂದರ ಹೆಂಗಸು, ಅರೆ ಕಟ್ಟಿದ ದೋಣಿಯ ನೆರಳಿನಲ್ಲಿ ತೊಗರಿಕಾಯಿ ಸುಲಿಯುತ್ತಿದ್ದರು. ಪಕ್ಕದಲ್ಲಿ ಸಮುದ್ರದ ನೀರು ತುಂಬಿದ ಪೀಪಾಯಿ.

"ಬಾ ಫಿಟ್ಜಿ. ಇಪ್ಪತ್ತಾರು ದಿನ ಬೇಕಾಯ್ತಾ? ಪೊಲೀಸು ಕೆಲಸ ಬಿಡು, ಏಡಿ ಹಿಡಿ. ಅವು ನಿನ್ನಷ್ಟೇ ನಿಧಾನ."

"ತಾಂತಿ, ಬೋಲ್ಟು ತೆಗೆದಿದ್ದು ನೀವೇನಾ?" ಊರಿನ ಹಿರಿಯ ಹೆಂಗಸರನ್ನೆಲ್ಲ ಅವರು ಚಿಕ್ಕಂದಿನಿಂದ ತಾಂತಿ ಎಂದೇ ಕರೆದವರು.

"ನಾನೇ. ಒಬ್ಬಳೇ."

"ಶುಭ ಶುಕ್ರವಾರ ಕಬ್ಬಿಣ ಮುಟ್ಟಿದ್ರಾ?"

"ಹೊಡೀಬಾರದು ಅಂತ ಇರೋದು. ನಾನು ಕಿತ್ತೆ. ಅವತ್ತು ಸ್ವಾಮಿ ಕೈಯಿಂದ ಯಾರಾದ್ರೂ ಕೀಳೋಕೆ ಬಂದಿದ್ರೆ ಬೇಡ ಅಂತಿದ್ನಾ?"

ಮೂರು ಗಂಟೆಗೆ ಪಂಚನಾಮೆ ಶುರುವಾಯಿತು. ಎನೋ ಮತ್ತು ಎಲ್ವಿನ್ ಪಂಚರು. ನೋಯೆಲ್ ಪೀಪಾಯಿಯಿಂದ ಬೋಲ್ಟುಗಳನ್ನು ಒಂದೊಂದಾಗಿ ಎತ್ತಿ ಹಲಗೆಯ ಮೇಲೆ ಸಾಲಾಗಿ ಇಟ್ಟಳು. ಹನ್ನೆರಡೂ ಕೆಂಪಗಾಗಿದ್ದವು. ಅಂಗಾಲಿನ ಚರ್ಮ ಸುಲಿದಂತೆ ಲೇಪ ಬೆರಳಿಗೇ ಎದ್ದು ಬಂತು. ಸತುವಲ್ಲ, ಬರೀ ಬಳಿದ ಬೂದು ಬಣ್ಣ.

ಗುರುತಿಸಲು ಕರೆಸಿದ್ದ ಹಿಂಡ್ಸ್ ಒಮ್ಮೆ ನೋಡಿ, ಇವು ನಮ್ಮವಲ್ಲ ಎಂದ.

"ನಿನ್ನವಲ್ಲ ಅಂದ್ರೆ ನಾನು ಕಳ್ಳಿ ಅಲ್ಲ, ಮನೆಗೆ ಹೋಗು" ಎಂದರು ಅಡಿನಾ. "ನಿನ್ನವೇ ಆದ್ರೆ ಬಾಯಿಬಿಟ್ಟು ಹೇಳು. ಬರಕೊಳ್ಳಲಿ."

ಕ್ವಾಶಿ ಎಫ್‌ಐಆರ್ ತರಿಸಿದರು. ನೋಯೆಲ್ ಒಂದೊಂದು ತಲೆಯನ್ನೂ ಒರೆಸಿ ನಂಬರು ಕೂಗಿದಳು, ಕ್ವಾಶಿ ದೂರಿನ ಪ್ರತಿಯಲ್ಲಿ ಗುರುತು ಹಾಕಿದರು. ಹನ್ನೆರಡೂ ತಾಳೆಯಾದವು. ದೂರು ವಾಪಸು ತೆಗೆದುಕೊಳ್ಳುತ್ತೇನೆ ಎಂದ ಹಿಂಡ್ಸ್. ಅದು ಇನ್ನು ನಿಮ್ಮ ಕೈಯಲ್ಲಿಲ್ಲ, ನಂಬರು ನೀವೇ ಬರೆಸಿದ್ದು, ಸಹಿ ನಿಮ್ಮದೇ ಎಂದರು ಕ್ವಾಶಿ.

"ಉಪ್ಪುನೀರಲ್ಲಿ ತಿಂಗಳು ನೆನೆಸಿದ್ರೆ ಯಾವ ಕಬ್ಬಿಣ ಉಳಿಯುತ್ತೆ?" ಎಂದ ಹಿಂಡ್ಸ್.

"ನಮ್ಮೂರು ಎಲ್ಲಿದೆ ಅಂದ್ಕೊಂಡೆ ಮಗನೇ?"

ಅಡಿನಾ ತೋಳು ಮಡಿಸಿ ಪೀಪಾಯಿಗೆ ಕೈ ಇಳಿಸಿ ತಳದಿಂದ ಇನ್ನೊಂದು ಬೋಲ್ಟು ತೆಗೆದರು. ಗಂಡ ದೋಣಿಗೆ ಹಾಕುತ್ತಿದ್ದ, ನಿಜವಾದ ಸತುವಿನ ಲೇಪದ ಬೋಲ್ಟು. ಅದೇ ನೀರಿನಲ್ಲಿ ಅಷ್ಟೇ ದಿನ ಇದ್ದದ್ದು. ಬೂದುಗಪ್ಪಾಗಿ ಗಟ್ಟಿಯಾಗಿತ್ತು. ಇದನ್ನೂ ಬರೆ ಎಂದರು. ಕಳವಿನ ಮಾಲಲ್ಲದ್ದನ್ನು ಪಂಚನಾಮೆಗೆ ಸೇರಿಸುವುದೇ ಎಂದು ನೋಯೆಲ್ ಇನ್ಸ್‌ಪೆಕ್ಟರ ಮುಖ ನೋಡಿದಳು. ಕ್ವಾಶಿ ಪೆನ್ನು ತೆಗೆದುಕೊಂಡು ಹದಿಮೂರನೆಯ ವಸ್ತು ಎಂದು ತಾವೇ ಬರೆದರು. ಎಲ್ಲವನ್ನೂ ಮೊಹರು ಮಾಡಿ ಲೋಹ ಪರೀಕ್ಷೆಗೆ ಕಳಿಸಲು ಆಜ್ಞೆಯಾಯಿತು. ಮಾದರಿ ಮನೆಗೂ ಬೀಗಮುದ್ರೆ ಬಿತ್ತು. ಶನಿವಾರದ ಸಹಿ ನಿಂತಿತು.

ನಾಲ್ಕು ಮೂವತ್ತೈದಕ್ಕೆ ಬಂಧನ. ಕೋಳ ಬೇಡವೆಂದು ಕ್ವಾಶಿ ಹೇಳಿದರೂ ಅಡಿನಾ ಎರಡು ಕೈಗಳನ್ನೂ ಚಾಚಿದರು.

"ಹಾಕು. ಜೀಪಿಗೆ ಹತ್ತಲ್ಲ, ನಡೀತೀನಿ. ಆ ನಲವತ್ತು ಮನೆಯೋರೂ ನೋಡಲಿ, ಯಾಕೆ ಅಂತ ಕೇಳಲಿ."

ಟಾರ್ಪಾಲುಗಳ ನಡುವಿನ ದಾರಿಯಲ್ಲಿ ಅವರು ತಲೆ ಎತ್ತಿ ನಡೆದರು. ಕೇಳಿದವರಿಗೆಲ್ಲ ನಿಂತು ಉತ್ತರ ಕೊಟ್ಟರು. ಹತ್ತು ನಿಮಿಷದ ಹಾದಿಗೆ ಒಂದು ಗಂಟೆ ಹಿಡಿಯಿತು. ಇನ್ಸ್‌ಪೆಕ್ಟರು ಅವಸರ ಮಾಡಲಿಲ್ಲ.

ಸಂಜೆ ವರದಿ ಮುಗಿಸುವಾಗ, ಕೃತ್ಯಕ್ಕೆ ಕಾರಣ ಎಂಬಲ್ಲಿ ಕ್ವಾಶಿ ಹೀಗೆ ಬರೆದರು: ಆರೋಪಿಯ ಮಗಳು ಇಂಥವೇ ಬೋಲ್ಟುಗಳು ಮುರಿದು ಸತ್ತಳು. ಆರೋಪಿ ಕಳೆದ ಆಗಸ್ಟಿನಲ್ಲಿ ಇದೇ ಠಾಣೆಗೆ ಬಂದು ದೂರು ಹೇಳಿದ್ದರು. ನಾನು ಬರೆದುಕೊಳ್ಳಲಿಲ್ಲ.