ಅರಿಷಿಣವೆಂದು ಬಿಟ್ಟ ಕಲೆ

ದಸರೆಯ ಮುಂಜಾನೆ ಮ್ಹೈಸಾಳದ ರಸ್ತೆಯಲ್ಲಿ ಸಾಂಗಲಿಯ ಅರಿಷಿಣ ವ್ಯಾಪಾರಿ ಓಂಪ್ರಕಾಶರ ಜೀಪು ತಿರುವಿನಲ್ಲಿ ತಿರುಗಿತು. ಮತ್ತೆ ನೆಟ್ಟಗಾಗಲೇ ಇಲ್ಲ! ಕಬ್ಬಿನೊಳಗೆ ನುಗ್ಗಿ ಮಗುಚಿತು. ಓಡಿಸುತ್ತಿದ್ದವನು ಡ್ರೈವರ್ ಶೀತಲ. ಹಿಂದೆ ಕೂತಿದ್ದವಳು ಓಂಪ್ರಕಾಶರ ತಾಯಿ ಹಣಮವ್ವ. ಪಾಪ, ಮುದುಕಿ ಮಿರಜದ ಆಸ್ಪತ್ರೆಯಲ್ಲಿ ಇನ್ನೂ ಕಣ್ಣು ತೆರೆದಿಲ್ಲ.

ಮರುದಿನ ಜೀಪು ಮಿರಜದ ಬಾಳಪ್ಪನ ಗ್ಯಾರೇಜಿನಲ್ಲಿತ್ತು. ಶೀತಲನ ಹೆಗಲ ಮೇಲೆ ಹವಾಲ್ದಾರನ ಕೈಯಿತ್ತು. ಕೇಸು ಬರೆದರೆ ಜೈಲು ಖಾತ್ರಿ.

“ನಿದ್ದಿ ಹೊಡದಿ. ಒಪ್ಪಿಕೋ,” ಎಂದರು ಓಂಪ್ರಕಾಶ.

“ದೇವರಾಣಿ ಇಲ್ರಿ ಕಾಕಾ! ಸ್ಟೇರಿಂಗ್ ತಿರುವಿದೆ—ವಾಪಸ್ ಬರಲಿಲ್ಲ!”

ವಿಮೆಯವರ ಪರವಾಗಿ ತನಿಖೆಗೆ ಬಂದಿದ್ದ ಮೃಣಾಲ ಜೀಪಿನ ಕೆಳಗಿಂದ ಎದ್ದಳು.

“ಬಾಳಪ್ಪ ಕಾಕಾ, ಸ್ಟೇರಿಂಗ್ ರ‍್ಯಾಕಿನ ನಟ್ ಬಿಗಿ ಮಾಡಿದವ್ರು ಯಾರ‍್ರಿ?”

“ನಾನ್ರಿ, ಅಷ್ಟಮಿ ದಿನಾ. ಗಾಡಿ ಅತ್ತಿತ್ತ ಸರೀತೈತಿ ಅಂದ್ರು ಈ ಸಾವಕಾರ್ರು, ಒಂಚೂರು ಬಿಗಿ ಮಾಡಿದೆ. ಇನ್ನೂ ಮಾಡು ಅಂದ್ರು. ಒಲ್ಲೆ ಅಂದೆ. ಅತಿ ಬಿಗಿ ಆದ್ರ ಸ್ಟೇರಿಂಗ್ ತಾನಾಗಿ ನೆಟ್ಟಗ ಬರೂದಿಲ್ಲ.”

“ಈಗ ಪೂರಾ ಬಿಗಿ ಐತಿ.”

ಬಾಳಪ್ಪ ಬಗ್ಗಿ ನೋಡಿದ. “ಇದು ನಾ ಮಾಡಿದ್ದಲ್ರಿ!”

“ನವಮಿ ದಿನಾ ಗಾಡಿ ಎಲ್ಲಿತ್ತು?”

“ನಮ್ಮ ಅಂಗಳದಾಗ, ಪೂಜಾಕ್ಕ,” ಎಂದರು ಓಂಪ್ರಕಾಶ. “ಈ ಶೀತಲ ಬೇಡಗ ಹಳ್ಳಿಗೆ ಹೋಗಿದ್ದ. ದಸರಾ ಮುಂಜಾನೆ ಬಂದಾಂವ ನಿಂತ ಕಾಲಲ್ಲೇ ಅವ್ವನ್ನ ಕರಕೊಂಡು ಹೊಂಟ.”

“ನಟ್ಟಿನ ಮ್ಯಾಲ ಒಂದು ಕಲೆ ಐತಿ. ಯಾರೂ ನೋಡಲಿಲ್ಲೇನು?”

ಹವಾಲ್ದಾರ ನಕ್ಕ. “ನೋಡೇನ್ರಿ ಅಕ್ಕಾರ. ಅರಿಷಿಣದ ಅಡತಿ ಗಾಡಿ! ಎಲ್ಲಿ ಒರೆಸಿದ್ರೂ ಹಳದಿ.”

“ಧೂಳು ಮ್ಯಾಲ ಕುಂದ್ರತೈತಿ. ಇದು ನಟ್ಟಿನ ಮೂಲಿಗೆ ಒತ್ತಿ ಕುಂತೈತಿ. ಅದರ ಜೋಡಿ ಕೆಂಪೂ ಐತಿ—ಕುಂಕುಮ. ಖಂಡೇನವಮಿ ಆಯುಧ ಪೂಜಾದಾಗ ನಟ್ ತಿರುವೂ ಪಾನಾಕ್ಕ ಹಚ್ಚಿದ್ದು!”

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಓಂಪ್ರಕಾಶ ಅಂಗೈಯನ್ನು ಧೋತರಕ್ಕೆ ಉಜ್ಜಿಕೊಂಡರು.

“ಪೂಜಾ ಆದ ಮ್ಯಾಲ ಆ ದಿನಾ ಬಾಳಪ್ಪ ಕಾಕಾ ಹತ್ಯಾರ ಮುಟ್ಟೂದಿಲ್ಲ. ಶೀತಲ ಊರಾಗಿಲ್ಲ. ಪೂಜಾದಾಗಿನ ಪಾನಾ ಎತ್ತಿದ ಕೈ ಆ ಅಂಗಳದ್ದೇ. ಇನ್ನೂ ಬಿಗಿ ಬೇಕು ಅಂದಾವ್ರು ಓಂಪ್ರಕಾಶ ಕಾಕಾ—ನೀವೇ!”

ಓಂಪ್ರಕಾಶ ಅಲ್ಲಿದ್ದ ಟೈರಿನ ಮೇಲೆ ಕೂತುಬಿಟ್ಟರು.

“ಅವ್ವ ಕುಂದ್ರೂ ಗಾಡಿ ಅತ್ತಿತ್ತ ಸರೀಬಾರದಂತ… ನವಮಿ ದಿನಾ ಕರದ್ರ ಬಾಳಪ್ಪ ಇವತ್ತ ಬರೂದಿಲ್ಲ ಅಂದ. ನಾನೇ ತಿರುವಿದೆ.”

“ಮತ್ತ ನನ್ನ ಯಾಕ ಜೈಲಿಗೆ ಹಾಕಸ್ತಿದ್ರಿ?” ಶೀತಲ ಚೀರಿದ.

“ಅವ್ವ ಎದ್ದು, ಯಾರು ಮಾಡಿದ್ರು ಅಂತ ಕೇಳಿದ್ರ… ನನ್ನ ಹೆಸರು ಹ್ಯಾಂಗ ಹೇಳಲೋ?”

ಹವಾಲ್ದಾರ ಶೀತಲನ ಹೆಗಲು ಬಿಟ್ಟ. “ಠಾಣೆಗೆ ನಡೀರಿ, ಸಾವಕಾರ್ರ.”

ಶೀತಲನಿಗೆ ಜೀವ ಬಂದಂತಾಯಿತು. ಆದರೂ ಸಿಟ್ಟು ಇಳಿಯಲಿಲ್ಲ. ಅವನೇ ಓಂಪ್ರಕಾಶರ ರಟ್ಟೆ ಹಿಡಿದು ಎಬ್ಬಿಸಿದ.

“ಮೊದಲ ದವಾಖಾನಿಗೆ ನಡೀರಿ. ಅಜ್ಜಿಗೆ ಕೇಳಿಸಲಿ, ಬಿಡಲಿ—ಅಕಿ ಕೈ ಹಿಡಕೊಂಡು ಹೇಳ್ರಿ. ನಾ ಬಾಜೂಕ್ಕ ನಿಂದರತೇನಿ.”